ಕ್ಲೋರಿಂಡಾ: ಜನಸಂಖ್ಯೆ ಹದಿನಾಲ್ಕು

ಅಮೆರಿಕಕ್ಕೆ ಹೋಗಿ ಬಂದವರು ನಯಾಗರದ ನೀರಿನ ಬಗ್ಗೆ ಬರೆಯಬೇಕೆಂಬುದು ಬಹುಕಾಲದಿಂದ ನಡೆದುಬಂದ ಪದ್ಧತಿ. ನಾನು ನಯಾಗರವನ್ನು ನೋಡಿಲ್ಲ. ಅದರಿಂದ ಇಬ್ಬರಿಗೂ ನಷ್ಟವಿಲ್ಲ; ನಾಳೆ ಹೋದರೂ ಅದು ಅಲ್ಲೇ ಬೀಳುತ್ತಿರುತ್ತದೆ. ನಾನು ನೋಡಿದ್ದು ಕ್ಲೋರಿಂಡಾ ಎಂಬ ಊರನ್ನು. ಅದರ ವಿಷಯದಲ್ಲಿ ‘ನಾಳೆ ಹೋದರೂ’ ಎಂಬ ಮಾತನ್ನು ಅಷ್ಟು ಧೈರ್ಯವಾಗಿ ಆಡುವಂತಿರಲಿಲ್ಲ.

ಮೊದಲು ನಾನು ಅಲ್ಲಿಗೆ ಹೋದದ್ದು ಹೇಗೆಂದು ಹೇಳಬೇಕು, ಏಕೆಂದರೆ ಸತ್ಯನಾರಾಯಣಪೇಟೆಯ ನಮ್ಮ ಬೀದಿಯಲ್ಲಿ ಇದನ್ನು ಈಗಲೂ ಯಾರೂ ನಂಬಿಲ್ಲ. ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ, ನಿವೃತ್ತನಾಗಿ, ಬಳ್ಳಾರಿಯಲ್ಲಿ ದಿನಪತ್ರಿಕೆಯ ತಪ್ಪು ಹುಡುಕುತ್ತ ಕಾಲ ಕಳೆಯುವವನು. ನನ್ನ ಹೆಂಡತಿಯ ತಮ್ಮ ಪಂಪಾಪತಿಗೆ ಸಿರುಗುಪ್ಪದಲ್ಲಿ ಬೀಜ-ಗೊಬ್ಬರದ ಅಂಗಡಿ. ಚೆನ್ನಾಗಿ ಮಾರಿದ ಅಂಗಡಿಯವರನ್ನು ಬೀಜದ ಕಂಪನಿಯವರು ವರ್ಷಕ್ಕೊಮ್ಮೆ ವಿದೇಶಕ್ಕೆ ಕರೆದೊಯ್ಯುತ್ತಾರೆ. ಇಷ್ಟು ವರ್ಷ ಬ್ಯಾಂಕಾಕಿಗೆ ಒಯ್ಯುತ್ತಿದ್ದರು. ಅಲ್ಲಿಂದ ಬಂದವರು ಬೀಜದ ವಿಷಯ ಬಿಟ್ಟು ಬೇರೆಲ್ಲ ಮಾತಾಡುತ್ತಾರೆಂದು ತಿಳಿದೋ ಏನೋ, ಈ ಸಲ ಕಂಪನಿಗೆ ಜ್ಞಾನೋದಯವಾಗಿ, ಅಮೆರಿಕದ ನಟ್ಟನಡುವಿನ ನೆಬ್ರಾಸ್ಕಕ್ಕೆ ಮೆಕ್ಕೆಜೋಳದ ಹೊಲ ತೋರಿಸಲು ಕರೆದೊಯ್ದರು. ಜೊತೆಗೆ ಮನೆಯವರೊಬ್ಬರು ಬರಬಹುದಿತ್ತು. ಪಂಪಾಪತಿಯ ಹೆಂಡತಿ, “ಜ್ವಾಳದ ಹೊಲ ನೋಡಾಕ ಅಷ್ಟು ದೂರ ಯಾಕ? ಹಿತ್ತಲಾಗ ನಿಂತ್ರ ಕಾಣ್ತೈತಿ” ಎಂದಳು. ಹೀಗೆ, ಹೆಂಡತಿಗೆಂದು ಇಟ್ಟಿದ್ದ ಸೀಟಿನಲ್ಲಿ ಭಾವ ಕೂತ.

ಇನ್ನೊಂದು ವಿಷಯ. ಪಂಪಾಪತಿಯ ಹೆಂಡತಿ ತಮ್ಮೂರ ಪಂಚಾಯ್ತಿಯ ಮಾಜಿ ಅಧ್ಯಕ್ಷೆ. ಅಂದರೆ ಪಂಪಾಪತಿ ಮಾಜಿ ಅಧ್ಯಕ್ಷ. ಇದನ್ನು ಓದುಗರು ನೆನಪಿನಲ್ಲಿಡಬೇಕಾಗಿ ವಿನಂತಿ.

ಗೇರ್‌ಬಾಕ್ಸ್ ಕೆಟ್ಟ ಜಾಗ

ನೆಬ್ರಾಸ್ಕದ ರಸ್ತೆಗಳಿಗೆ ತಿರುವು ಎಂಬುದಿಲ್ಲ. ಎರಡೂ ಕಡೆ ಮೆಕ್ಕೆಜೋಳ, ಮೇಲೆ ಆಕಾಶ, ನಡುವೆ ನಾವು. ಬೆಳಗ್ಗೆ ಕಿಟಕಿಯಲ್ಲಿ ಕಂಡದ್ದೇ ಮಧ್ಯಾಹ್ನವೂ ಕಾಣುತ್ತಿದ್ದಾಗ, ಬಸ್ಸು ನಿಜಕ್ಕೂ ನಡೆದಿದೆಯೇ ಎಂಬ ಅನುಮಾನ ನನಗಿತ್ತು. ಕೊನೆಗೆ ಬಸ್ಸಿಗೇ ಆ ಅನುಮಾನ ಬಂದು ನಿಂತುಬಿಟ್ಟಿತು. ಗೇರ್‌ಬಾಕ್ಸ್ ಹೋಗಿತ್ತು.

ಇಳಿದು ನೋಡಿದರೆ ಎದುರಿಗೊಂದು ಹಸಿರು ಬೋರ್ಡು: ಕ್ಲೋರಿಂಡಾ, ಜನಸಂಖ್ಯೆ ೧೪.

“ಭಾವ, ಇದು ಎಣ್ಣಿ ಹೆಸರು ಇದ್ದಂಗ ಐತಲ್ಲ!” ಎಂದ ಪಂಪಾಪತಿ. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿಗೆ ಎಣ್ಣಿ ಎಂದೇ ಹೆಸರು. “ಕ್ಲೋರಿಂಡಾ ಹದಿನಾಕು. ಲೀಟರ್ ನೀರಿಗೆ ಎರಡು ಎಮ್ಮೆಲ್ಲು.”

ಹದಿನಾಲ್ಕರ ಬಗ್ಗೆ ನಮ್ಮ ತಂಡದಲ್ಲಿ ಗಂಭೀರ ಚರ್ಚೆಯಾಯಿತು. ಮುಂದಿನ ಸೊನ್ನೆಗಳು ಬಿಸಿಲಿಗೆ ಅಳಿಸಿವೆ ಎಂದು ಒಬ್ಬರು. ಅದು ಸಾವಿರದ ಲೆಕ್ಕ ಎಂದು ಇನ್ನೊಬ್ಬರು. ಹದಿನಾಲ್ಕು ಜನ ಎಂದರೆ ಊರು ಎಂದು ಯಾರೂ ಒಪ್ಪಲಿಲ್ಲ. ನಮ್ಮಲ್ಲಿ ಲಗ್ನಪತ್ರಿಕೆ ಕೊಡಲು ಅದಕ್ಕಿಂತ ಹೆಚ್ಚು ಮಂದಿ ಬರುತ್ತಾರೆ.

ಅಷ್ಟರಲ್ಲಿ ಕಂಪನಿಯವರು ಎಲ್ಲಿಂದಲೋ ಒಂದು ವ್ಯಾನು ತರಿಸಿದರು. ಅದರಲ್ಲಿ ಇಬ್ಬರಿಗೆ ಜಾಗ ಸಾಲಲಿಲ್ಲ. ಇದೂ ಒಂದು ಸಮಸ್ಯೆಯೇ ಎಂದು ನಾವು ನಕ್ಕೆವು. ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಟಂಟಂ ಆಟೋದಲ್ಲಿ ಡ್ರೈವರನ ಎರಡೂ ಪಕ್ಕ ಇಬ್ಬಿಬ್ಬರು ಕೂತು, ಡ್ರೈವರನೇ ಹೊರಗೆ ಜೋತಾಡುವುದನ್ನು ಕಂಡವರು ನಾವು. ತೊಡೆಯ ಮೇಲೆ ಕೂರುತ್ತೇವೆ, ಹಿಂದೆ ನಿಲ್ಲುತ್ತೇವೆ ಎಂದು ಎಷ್ಟು ಹೇಳಿದರೂ ಚಾಲಕ ಕೇಳಲಿಲ್ಲ. ಒಂದು ಬೆಲ್ಟಿಗೆ ಒಂದೇ ಮನುಷ್ಯನಂತೆ. ಬೀಜ ಮಾರದೆ ಬಂದ ಏಕೈಕ ಗಂಡಸು ನಾನು. ಆದ್ದರಿಂದ ನಾನು ಉಳಿಯಬೇಕು. ನನ್ನನ್ನು ಬಿಟ್ಟು ಹೋದರೆ ಅಕ್ಕನಿಗೆ ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ಪಂಪಾಪತಿಯೂ ಉಳಿದ. ನಾಡಿದ್ದು ಬೆಳಗ್ಗೆ ಬಂದು ಕರೆದೊಯ್ಯುತ್ತೇವೆಂದು ಹೇಳಿ ವ್ಯಾನು ಹೊರಟಿತು. ಧೂಳು ಕೂಡ ಏಳಲಿಲ್ಲ. ಆ ದೇಶದಲ್ಲಿ ಬೀಳ್ಕೊಡುಗೆಗೂ ಒಂದು ಕಳೆಯಿಲ್ಲ.

ಡೋರಿಸಮ್ಮನ ಮ್ಯೂಸಿಯಂ

ನಮ್ಮನ್ನು ಇಟ್ಟುಕೊಂಡವರು ಡೋರಿಸ್ ಎಂಬ ಹಿರಿಯ ಹೆಂಗಸು. ಎಪ್ಪತ್ತು ದಾಟಿದವರು, ಜೀನ್ಸ್ ಪ್ಯಾಂಟು, ನನಗಿಂತ ಒಂದು ಗೇಣು ಎತ್ತರ. ಬಸ್ಸು ಕೆಟ್ಟದ್ದನ್ನು ಕಿಟಕಿಯಿಂದ ನೋಡಿ, ದೊಡ್ಡ ಜಗ್ಗಿನಲ್ಲಿ ತಣ್ಣನೆ ಚಹಾ ತಂದರು. ಬಿಸಿ ಇಲ್ಲ, ಹಾಲಿಲ್ಲ, ಸಕ್ಕರೆಯಿಲ್ಲ; ಆದರೂ ಚಹಾ ಎಂದು ಕರೆಯುವ ಧೈರ್ಯ ಮಾತ್ರ ಇತ್ತು.

ಅಲ್ಲಿಯ ಜನರ ಮಾತನ್ನು ನಾನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತಿದ್ದೇನೆ. ಅವರೂ ನಮ್ಮ ಹಾಗೆ ಅರ್ಧ ಅಕ್ಷರ ನುಂಗಿಯೇ ಮಾತಾಡುತ್ತಾರೆ. ಗ್ರಾಂಥಿಕಕ್ಕೆ ಏರಿಸಿದರೆ ಅವರಿಗೇ ಗುರುತು ಸಿಗಲಿಕ್ಕಿಲ್ಲ.

“ಬರ್ರಿ, ಊರು ತೋರಸ್ತೀನಿ” ಎಂದರು ಡೋರಿಸಮ್ಮ. ತೋರಿಸಿ ಮುಗಿಸಲು ಚಹಾದ ಲೋಟ ಖಾಲಿಯಾಗುವಷ್ಟು ಹೊತ್ತೂ ಬೇಕಾಗಲಿಲ್ಲ. ಒಂದು ನೀರಿನ ಟ್ಯಾಂಕು, ಕಾಳು ತುಂಬುವ ಎತ್ತರದ ಕಣಜ, ಬೀಗ ಹಾಕಿದ ಚರ್ಚು, ನಡುನಡುವೆ ಮನೆಗಳಿದ್ದ ಜಾಗಗಳು. ಆಮೇಲೆ ಊರಿನ ಸಭಾಮನೆ. ಡೋರಿಸಮ್ಮ ಊರಿನ ಕಾರ್ಯದರ್ಶಿ. ಸಭಾಮನೆಯ ಬೀಗದ ಕೈ ಅವರ ಬಳಿ. ಅದರ ಒಳಗೇ ಅವರು ಕಟ್ಟಿದ ಮ್ಯೂಸಿಯಂ.

ಒಳಗೆ ಹೋದಾಗ ಡೋರಿಸಮ್ಮನ ದನಿ ಗರ್ಭಗುಡಿಯಲ್ಲಿ ಮಾತಾಡುವವರ ಹಾಗೆ ಇಳಿಯಿತು. “ಇದು ಊರಾಗ ಎಳೆದ ಮೊದಲನೇ ಮುಳ್ಳುತಂತಿ. ಇದು ಸಾಲಿ ಗಂಟಿ. ಇದು ಹೋಟೆಲ್ಲಿನ ಇಟ್ಟಂಗಿ.” ಪ್ರತಿಯೊಂದಕ್ಕೂ ದುಂಡಗಿನ ಅಕ್ಷರದಲ್ಲಿ ಬರೆದ ಚೀಟಿ.

“ಎಷ್ಟು ಹಳೇದ್ರಿ ಈ ತಂತಿ?” ಎಂದೆ.

“ನಮ್ಮ ಮುತ್ತಜ್ಜನ ಕಾಲದ್ದು” ಎಂದರು, ಎದೆಯ ಮೇಲೆ ಕೈಯಿಟ್ಟು.

ನಾನು ತಲೆಬಾಗಿದೆ. ನಮ್ಮ ಮನೆಯಲ್ಲಿ ಅದಕ್ಕಿಂತ ಹಳೆಯ ಒನಕೆಯೊಂದಿದೆ. ಗಾಳಿಗೆ ಹಿತ್ತಲ ಬಾಗಿಲು ಬಡಿಯದಿರಲೆಂದು ನನ್ನ ಹೆಂಡತಿ ಅದನ್ನು ಆನಿಸಿಡುತ್ತಾಳೆ.

ಊರಿನ ಇತಿಹಾಸ ಹೀಗಿದೆ. ರೈಲಿನ ಕಂಪನಿಯ ಮನುಷ್ಯನೊಬ್ಬ ಬಂದು ಬಯಲಿನಲ್ಲಿ ಗೂಟ ನೆಟ್ಟು, ತನ್ನ ಸಾಹೇಬನ ಮಗಳ ಹೆಸರಿಟ್ಟ. ಆ ಕ್ಲೋರಿಂಡಾ ಎಂಬ ಪುಣ್ಯವತಿ ಒಮ್ಮೆಯೂ ಇತ್ತ ಕಾಲಿಡಲಿಲ್ಲ. ಆದರೂ ಜನ ಬಂದರು. ಬ್ಯಾಂಕು ಬಂತು, ಹೋಟೆಲು ಬಂತು, ಒಂದೇ ದೇವರಿಗೆ ಜಗಳವಾಡಿಕೊಂಡು ಎರಡು ಚರ್ಚು ಬಂದವು. ಗೋಡೆಯ ಮೇಲಿನ ಫೋಟೋದಲ್ಲಿ ರೈಲು ನಿಲ್ದಾಣದ ತುಂಬ ಟೊಪ್ಪಿಗೆಗಳು. ಆಮೇಲೆ ಲಾರಿ ಬಂತು, ರೈಲು ಹೋಯಿತು. ಯಂತ್ರ ದೊಡ್ಡದಾಯಿತು, ಒಬ್ಬನೇ ಒಂದು ಹೋಬಳಿಯಷ್ಟು ಹೊಲ ಮಾಡತೊಡಗಿದ, ಉಳಿದವರಿಗೆ ಕೆಲಸವಿಲ್ಲದಾಯಿತು. ಶಾಲೆ ಹೋಯಿತು, ಪೋಸ್ಟಾಫೀಸು ಹೋಯಿತು. ಬೋರ್ಡಿನಲ್ಲಿ ಹದಿನಾಲ್ಕು ಎಂದಿದ್ದರೂ ಈಗ ಇರುವವರು ಒಂಬತ್ತೇ ಜನ.

“ಗೂಟ ನೆಡೋಕಿಂತ ಮೊದ್ಲು ಇಲ್ಲಿ ಯಾರಿದ್ರು?” ಎಂದು ಕೇಳಿದೆ. ಮೇಷ್ಟರ ಚಾಳಿ.

ಡೋರಿಸಮ್ಮ ಮೂಲೆಯ ಒಂದು ಸಣ್ಣ ಗಾಜಿನ ಪೆಟ್ಟಿಗೆ ತೋರಿಸಿದರು. ಒಳಗೆ ಕಲ್ಲಿನ ಬಾಣದ ಮೊನೆಗಳು. ಚೀಟಿಯಲ್ಲಿ ‘ಹಿಂದಿನವರು’ ಎಂದಷ್ಟೇ ಇತ್ತು. ಅವರ ಊರನ್ನು ಯಾವ ಸಭೆ ಕರೆದು ಮುಗಿಸಿದರೆಂದು ಬರೆದಿರಲಿಲ್ಲ.

ಆಗ ನನಗೆ ಹುರುಪು ಬಂತು. ನಮ್ಮ ಕುಡತಿನಿಯ ಬೂದಿದಿಬ್ಬದ ಕಥೆ ತೆಗೆದೆ. ಸಾವಿರಾರು ವರ್ಷಗಳ ಹಿಂದೆ ದನಗಾಹಿಗಳು ಸಗಣಿ ಸುಟ್ಟು ಗುಡ್ಡದಷ್ಟು ಬೂದಿ ಮಾಡಿದರು. ಈಗ ಅದೇ ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತ ಬೂದಿಯ ಪರಂಪರೆಯನ್ನು ಮುಂದುವರಿಸಿದ್ದೇವೆ ಎಂದೆ. ಕುರುಗೋಡಿನ ಗುಡಿಗಳನ್ನೂ ಶಾಸನಗಳನ್ನೂ ವರ್ಣಿಸಿದೆ. ಡೋರಿಸಮ್ಮ ಕಣ್ಣರಳಿಸಿ ಕೇಳಿದರು.

“ಅದಕ್ಕೆಲ್ಲಾ ಚೀಟಿ ಹಚ್ಚೀರೇನು? ಯಾರು ನೋಡ್ಕೊಂತಾರ?”

“ನಮ್ಮಲ್ಲಿ ಹಳೇದು ಎಷ್ಟು ಐತಂದ್ರ, ಯಾರೂ ನೋಡಂಗಿಲ್ರಿ” ಎಂದೆ ಹೆಮ್ಮೆಯಿಂದ. “ಶಾಸನದ ಕಲ್ಲಿಗೆ ಎಮ್ಮಿ ಕಟ್ತೀವಿ.”

ಡೋರಿಸಮ್ಮ ಮುಳ್ಳುತಂತಿಯ ಮೇಲಿನ ಗಾಜನ್ನು ಅಂಗಿಯ ತೋಳಿನಿಂದ ಒರೆಸಿದರು.

ಬಿಸಿಲಿನಲ್ಲಿ ರಾತ್ರಿಯ ಊಟ

ಅಲ್ಲಿ ರಾತ್ರಿಯ ಊಟವನ್ನು ಬಿಸಿಲು ಚುರುಗುಟ್ಟುವಾಗಲೇ ಮಾಡಿಬಿಡುತ್ತಾರೆ. ನಾವು ಮಾಂಸ ತಿನ್ನುವುದಿಲ್ಲವೆಂದು ತಿಳಿದು ಡೋರಿಸಮ್ಮ ಗಾಬರಿಯಾಗಿ, ಆಲೂಗಡ್ಡೆಯ ಮೇಲೆ ಚೀಸು ಹಾಕಿ, ಅದರ ಮೇಲೆ ಮತ್ತೆ ಆಲೂಗಡ್ಡೆ ಹಾಕಿ ಬೇಯಿಸಿದ್ದರು. ಪಂಪಾಪತಿ ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಅದಕ್ಕೆ ಜೀವದಾನ ಮಾಡಿದ.

ಊಟದ ನಡುವೆ ವಿಷಯ ಹೊರಬಿತ್ತು. ಮರುದಿನ ಸಂಜೆ ಸಭಾಮನೆಯಲ್ಲಿ ಮತದಾನ. ಕ್ಲೋರಿಂಡಾ ಎಂಬ ಊರನ್ನು ಬರ್ಖಾಸ್ತು ಮಾಡಬೇಕೋ ಬೇಡವೋ ಎಂದು.

ನಾನು ಚಮಚ ಕೆಳಗಿಟ್ಟೆ. ನಮ್ಮಲ್ಲಿ ಹೋಬಳಿ ತಾಲ್ಲೂಕಾಗಲು, ತಾಲ್ಲೂಕು ಜಿಲ್ಲೆಯಾಗಲು ರಸ್ತೆಗೆ ಟೈರು ಸುಡುತ್ತಾರೆ. ಬಳ್ಳಾರಿ ಯಾವ ರಾಜ್ಯಕ್ಕೆ ಸೇರಬೇಕೆಂದು ನಮ್ಮ ಹಿರಿಯರು ಕಿತ್ತಾಡಿದ್ದುಂಟು. ಇರಬೇಕೋ ಬೇಡವೋ ಎಂದು ಯಾರೂ ಕೈಯೆತ್ತಿಸಿರಲಿಲ್ಲ.

ಊರಿನ ಅಧ್ಯಕ್ಷ ಗ್ಯಾರಿ ಎಂಬ ದೊಡ್ಡ ರೈತ. ಆತನ ವಾದ ಇಷ್ಟು: ಟ್ಯಾಂಕು ಸೋರುತ್ತದೆ, ಒಂಬತ್ತು ಜನರ ಊರಿಗೂ ಪಟ್ಟಣದಷ್ಟೇ ಕಾಗದಪತ್ರ ಕಳಿಸಬೇಕು, ಎಲ್ಲ ಮುಗಿಸಿ ಜಿಲ್ಲೆಯವರ ತಲೆಗೆ ಕಟ್ಟೋಣ. ಆತನೂ ಸೇರಿ ನಾಲ್ವರು ಒಂದು ಕಡೆ. ಡೋರಿಸಮ್ಮನೂ ಸೇರಿ ನಾಲ್ವರು ಇನ್ನೊಂದು ಕಡೆ. ಒಂಬತ್ತನೆಯವರು ವರ್ನ್ ಎಂಬ ಒಂಟಿ ಮುದುಕ. ಅವರು ಯಾವ ಕಡೆಯೆಂದು ಅವರಾಗಿ ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ. ಕೇಳುವುದು ಸಭ್ಯತೆಯಲ್ಲವಂತೆ.

“ಕೇಳಿಲ್ಲ?” ಪಂಪಾಪತಿಯ ತುತ್ತು ಬಾಯಲ್ಲೇ ನಿಂತಿತು.

“ಊರು ಹೋದ್ರ ಈ ಸಭಾಮನಿ ಹೋಗತೈತಿ” ಎಂದರು ಡೋರಿಸಮ್ಮ. “ಗ್ಯಾರಿ ಅದನ್ನ ತಗೊಂಡು ಮಷೀನ್ ಇಡ್ತಾನ. ಅದು ಹೋಗ್ಲಿ. ನಾ ಹುಟ್ಟಿದ್ದು ಇಲ್ಲೇ. ನಾಳೆ ಯಾರಾರ ನಿನ್ನೂರು ಯಾವುದು ಅಂದ್ರ ಏನಂತ ಹೇಳ್ಲಿ?”

ಅದಕ್ಕೆ ಉತ್ತರ ಪಂಪಾಪತಿಯ ಬಳಿ ಇತ್ತು. ಕೈ ತೊಳೆದು ಅಂಗಳಕ್ಕೆ ಬಂದವನೇ ನನ್ನನ್ನು ಪಕ್ಕಕ್ಕೆ ಎಳೆದ.

“ಭಾವ, ಈ ತಾಯಿ ಉಪ್ಪು ತಿಂದೀವಿ. ಊರು ಉಳಸಬೇಕು.”

“ಇದು ಆಲೂಗಡ್ಡಿ ಲೇ, ಉಪ್ಪು ಇದ್ದಿಲ್ಲ.”

“ನಗಬ್ಯಾಡ್ರಿ. ಒಂದು ಓಟಿನ ಆಟ ಐತಿ ಇದು. ಆ ಮುದಕನ್ನ ನಾಳೆ ಮುಂಜಾನಿನ ಎತ್ತಬೇಕು. ಇಲ್ಲಂದ್ರ ಗ್ಯಾರಿ ಪಾರ್ಟಿಯವರು ಎತ್ತತಾರ.”

ಇಲ್ಲಿ ಹೊರಗಿನ ಓದುಗರಿಗಾಗಿ ಒಂದು ಟಿಪ್ಪಣಿ. ನಮ್ಮಲ್ಲಿ ಅಧ್ಯಕ್ಷರ ಮೇಲೆ ಅವಿಶ್ವಾಸ ಬಂದಾಗ, ಸದಸ್ಯರನ್ನು ಅವರವರ ಮನೆಯಲ್ಲಿ ಬಿಡುವುದು ಅಪಾಯ. ಆದ್ದರಿಂದ ಅವರನ್ನು ಒಂದು ಗಾಡಿಯಲ್ಲಿ ತುಂಬಿ, ಫೋನು ಇಸಿದುಕೊಂಡು, ತೀರ್ಥಕ್ಷೇತ್ರವೋ ಗೋವೆಯೋ ಅವರವರ ಭಕ್ತಿಗೆ ತಕ್ಕ ಜಾಗಕ್ಕೆ ಒಯ್ದು, ಉಣಿಸಿ ತಿನಿಸಿ, ದೇವರ ಮೇಲೆ ಆಣೆ ಮಾಡಿಸಿ, ಮತದಾನದ ಹೊತ್ತಿಗೆ ನೇರವಾಗಿ ಸಭೆಗೆ ತಂದು ಇಳಿಸುತ್ತಾರೆ. ಇದಕ್ಕೆ ಟೂರು ಎನ್ನುತ್ತಾರೆ. ಈ ಶಾಸ್ತ್ರದಲ್ಲಿ ಪಂಪಾಪತಿ ಪಾರಂಗತ. ಅವನ ಹೆಂಡತಿಯ ಕುರ್ಚಿ ಎರಡು ಸಲ ಉಳಿದದ್ದು ಹೀಗೆಯೇ. ಮೂರನೆಯ ಸಲ ಎದುರು ಪಾರ್ಟಿಯವರ ಗಾಡಿ ದೊಡ್ಡದಿತ್ತು.

ವರ್ನಜ್ಜನ ಪಿಕಪ್ಪು

ವರ್ನಜ್ಜನನ್ನು ಎತ್ತುವುದು ಏನೂ ಕಷ್ಟವಾಗಲಿಲ್ಲ. ನಾವು ಬೀಜದವರು, ನಿಮ್ಮ ಹೊಲ ನೋಡಬೇಕು ಎಂದದ್ದೇ ತಡ, ಪಿಕಪ್ಪಿನ ಬಾಗಿಲು ತೆಗೆದರು. ಒಬ್ಬೊಬ್ಬರಿಗೆ ಒಂದೊಂದು ಬೆಲ್ಟು. ಅವರ ಹಳೆಯ ಮಡಚುವ ಫೋನು ಅಡುಗೆಮನೆಯ ಮೇಜಿನ ಮೇಲಿತ್ತು. ಪಂಪಾಪತಿ ಅದರ ಕಡೆ ಒಮ್ಮೆ ನೋಡಿ, ನನ್ನ ಕಡೆ ನೋಡಿ, ಸಮಾಧಾನದಿಂದ ಬಾಗಿಲು ಎಳೆದುಕೊಂಡ.

ವರ್ನಜ್ಜ ಮಿತಭಾಷಿ. ಇಡೀ ದಿನಕ್ಕೆ ಬೇಕಾಗುವ ಮಾತನ್ನೆಲ್ಲ ಒಂದು ‘ಹೂಂ’ನಲ್ಲಿ ಮುಗಿಸುವವರು. ಪಂಪಾಪತಿಯ ಇಂಗ್ಲಿಷು ಗೊಬ್ಬರದ ಚೀಲದ ಮೇಲೆ ಅಚ್ಚಾದಷ್ಟೇ. ಹೀಗಾಗಿ ನಾನು ದುಭಾಷಿಯಾದೆ. ದುಭಾಷಿಯ ಧರ್ಮವನ್ನು ನಾನು ಲೋಪವಿಲ್ಲದೆ ಪಾಲಿಸಿದೆನೆಂದು ಇಲ್ಲೇ ದಾಖಲಿಸುತ್ತೇನೆ. ಅಲ್ಲಲ್ಲಿ ಇತಿಹಾಸದ ಅಡಿಟಿಪ್ಪಣಿ ಸೇರಿಸಿರಬಹುದು, ಅದು ವೃತ್ತಿಧರ್ಮ.

ದೂರದ ಹೊಲದ ಬದುವಿನಲ್ಲಿ, ನೀರು ಸಿಡಿಸುತ್ತ ಸುತ್ತುವ ದೈತ್ಯ ಯಂತ್ರದ ನೆರಳಿನಲ್ಲಿ, ಪಂಪಾಪತಿ ಟವೆಲು ಹಾಸಿ ಊಟಕ್ಕಿಟ್ಟ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ವರ್ನಜ್ಜ ರೊಟ್ಟಿಯನ್ನು ಮೊದಲು ತಟ್ಟೆಯೆಂದು ತಿಳಿದು ಕೈಯಲ್ಲಿ ಹಿಡಿದು ಕಾದರು. ತಿನ್ನುವುದೆಂದು ತಿಳಿದ ಮೇಲೆ ತಿಂದರು; ಕಣ್ಣಲ್ಲಿ ನೀರು ಬಂದರೂ ಮುಖ ಅಲುಗಲಿಲ್ಲ.

“ಗಟ್ಟಿ ಮನಶ್ಯಾ” ಎಂದ ಪಂಪಾಪತಿ. “ಇವಂಗ ಆಣಿ ಮಾಡಸ್ಬೇಕು.”

ಬ್ಯಾಗಿನಿಂದ ವಿಭೂತಿ ಗಟ್ಟಿ ತೆಗೆದ. ಮುದುಕರ ಹಣೆಗೆ ಮೂರು ಬೆರಳು ಎಳೆದ. “ಏನಂತ ಹೇಳ್ಲಿ ಇವರಿಗೆ?” ಎಂದೆ. “ದೇವರ ಬೂದಿ ಅನ್ರಿ. ಇದನ್ನ ಹಚ್ಕೊಂಡವರು ಊರಿಗೆ ಕೆಟ್ಟದ್ದು ಬಯಸಂಗಿಲ್ಲ ಅನ್ರಿ.” ನಾನು ಹಾಗೆಯೇ ಹೇಳಿದೆ. ವರ್ನಜ್ಜ ತಲೆಯಾಡಿಸಿ, ಟೊಪ್ಪಿಗೆಯನ್ನು ಬೂದಿಗೆ ತಾಗದಂತೆ ಹಿಂದಕ್ಕೆ ಸರಿಸಿ ಇಟ್ಟುಕೊಂಡರು.

ಆಮೇಲೆ ಶುರುವಾಯಿತು ಪಂಪಾಪತಿಯ ಪ್ರಚಾರ. ಊರು ಎಂದರೇನು, ಪಂಚಾಯ್ತಿ ಎಂದರೇನು, ಅದರಲ್ಲಿ ಎಂಥ ಜೀವಕಳೆಯಿರುತ್ತದೆ ಎಂಬುದನ್ನು ವರ್ನಜ್ಜನ ಮನಸ್ಸಿಗೆ ನಾಟಿಸಲು ಅವನು ತಮ್ಮೂರ ಕಥೆಯನ್ನೇ ಹಿಡಿದ.

“ಎಲೆಕ್ಷನ್ ಬಂತಂದ್ರ ನಮ್ಮೂರಾಗ ಒಲಿ ಹಚ್ಚಂಗಿಲ್ರಿ. ಎರಡೂ ಪಾರ್ಟಿಯವರು ಊಟ ಹಾಕ್ತಾರ. ಟೂರಿಗೆ ಹೋದಾಗ ಒಬ್ಬ ಮೆಂಬರು ಕಿಟಕಿ ಹಾರಿ ಓಡಿದ, ಅವನ ಮಾವನ ಮನಿತನಕ ಬೆನ್ನತ್ತಿ ಹಿಡಕೊಂಡು ಬಂದ್ವಿ. ಕೆರಿ ಹೂಳು ಒಂದ ಸಲ ತಗದ್ವಿ, ನಾಕು ದಿಕ್ಕಿನಿಂದ ಫೋಟೊ ಹೊಡಿಸಿ ನಾಕು ಸಲ ತೋರಿಸಿದ್ವಿ. ಬೀದಿ ದೀಪ ನಮ್ಮ ಮೆಂಬರ್ರ ಮನಿ ಮುಂದ ಅಷ್ಟ. ಎದುರು ಪಾರ್ಟಿಯವರು ಬ್ಯಾಟ್ರಿ ಹಿಡಕೊಂಡು ಅಡ್ಡಾಡ್ತಾರ.”

ನಾನು ಭಾಷಾಂತರಿಸಿದೆ. ವರ್ನಜ್ಜ ‘ಹೂಂ’ ಎಂದರು.

“ನಮ್ಮ ಅಣ್ಣ ಎದುರು ಪಾರ್ಟಿ. ಒಂದ ಗ್ವಾಡಿ ನಮ್ಮ ಮನಿ. ನನ್ನ ಹೆಂಡತಿ ಮ್ಯಾಲೆ ಅವಿಶ್ವಾಸಕ್ಕ ಮೊದ್ಲು ಸಹಿ ಮಾಡಿದವನು ಅವ. ಬಿಟ್ಟೇನು? ಅವನ ಮಗಳ ಲಗ್ನಕ್ಕ ನಾ ಹೋಗ್ಲಿಲ್ಲ, ನಮ್ಮವ್ವನ ಮಣ್ಣಿಗೆ ಅವ ಬರ್ಲಿಲ್ಲ. ಊರಂದ್ರ ಹಿಂಗ ಬಿಗಿಯಾಗಿ ಇರಬೇಕ್ರಿ! ನಿಮ್ಮೂರಾಗ ಏನೈತಿ? ಯಾರೂ ಯಾರ ಜೋಡಿ ಜಗಳ ಆಡಂಗಿಲ್ಲ. ಅದಕ್ಕ ಊರು ಸಾಯಾಕ ಹತ್ತೇತಿ.”

ಭಾಷಾಂತರ ಮುಗಿದಾಗ ವರ್ನಜ್ಜ ಆ ದಿನದ ಏಕೈಕ ಪ್ರಶ್ನೆ ಕೇಳಿದರು.

“ಈಗರ ಮಾತಾಡ್ತಾರೇನು, ಅಣ್ಣ-ತಮ್ಮ?”

“ಇಲ್ರಿ” ಎಂದ ಪಂಪಾಪತಿ, ಮೀಸೆ ತಿರುವಿ.

ಹಿಂದಿರುಗುವ ದಾರಿಯಲ್ಲಿ ಎದುರಿಗೆ ಗ್ಯಾರಿಯ ಗಾಡಿ ಬಂತು. ಪಂಪಾಪತಿ ನನ್ನ ಮೊಣಕಾಲು ಹಿಸುಕಿದ. “ನೋಡ್ರಿ, ಹುಡುಕ್ಯಾಡಾಕ ಹತ್ಯಾರ!” ಹುಡುಕಾಡುತ್ತಿದ್ದದ್ದು ನಿಜ. ಗ್ಯಾರಿ ಕಿಟಕಿ ಇಳಿಸಿ, “ಮುಂಜಾನಿ ಕಾಫಿಗೆ ಬರ್ಲಿಲ್ಲಲ್ಲ, ಆರಾಮ ಅದೀಯಿಲ್ಲೋ ಅಂತ ನೋಡಾಕ ಬಂದೆ” ಎಂದ. ಮುದುಕರ ಹಣೆಯ ಮೇಲಿನ ಮೂರು ಗೆರೆಗಳನ್ನು ನೋಡಿ ಏನೂ ಕೇಳಲಿಲ್ಲ. ಅದೂ ಸಭ್ಯತೆಯೇ ಇರಬೇಕು. ಇವರಿಬ್ಬರೂ ದಿನಾ ಬೆಳಗ್ಗೆ ಡೋರಿಸಮ್ಮನ ಅಡುಗೆಮನೆಯಲ್ಲೇ ಕಾಫಿ ಕುಡಿಯುತ್ತಾರೆಂದು ನನಗೆ ಆಗ ತಿಳಿಯಿತು. ಊರು ಮುಗಿಸಬೇಕೆನ್ನುವವನಿಗೆ ಊರು ಉಳಿಸಬೇಕೆನ್ನುವವರ ಕಾಫಿ! ಎದುರು ಪಾರ್ಟಿಯ ಮನೆಯ ನೀರೂ ಮುಟ್ಟದ ನಾಡಿನಿಂದ ಬಂದ ಪಂಪಾಪತಿ ಇದನ್ನು ಒಳಸಂಚೆಂದೇ ತಿಳಿದ.

ಸಭಾಮನೆ

ಪಂಪಾಪತಿ ವರ್ನಜ್ಜನನ್ನು ಸಭಾಮನೆಯ ಬಾಗಿಲಿಗೇ ಇಳಿಸಿದ. ರಟ್ಟೆ ಹಿಡಿದು ಒಳಗೆ ಕರೆತಂದು, ಡೋರಿಸಮ್ಮನ ಕಡೆ ತಿರುಗಿ ಎರಡು ಬೆರಳೆತ್ತಿ ಗೆಲುವಿನ ಗುರುತು ತೋರಿಸಿದ. ಅವರು ಅರ್ಥವಾಗದೆ ತಾವೂ ಎರಡು ಬೆರಳೆತ್ತಿದರು.

ಇಡೀ ಊರು ಒಂದೇ ಮೇಜಿನ ಸುತ್ತ ಕೂತಿತ್ತು. ಸಿರುಗುಪ್ಪದ ಒಂದು ಟಂಟಂನಲ್ಲಿ ಇಷ್ಟೂ ಜನ ಹಿಡಿದು, ಮೇಲೆ ಎರಡು ಜೋಳದ ಚೀಲವನ್ನೂ ಹೇರಬಹುದಿತ್ತು. ಗೋಡೆಯ ಮೇಲೆ ಮುಳ್ಳುತಂತಿ, ಮೂಲೆಯಲ್ಲಿ ಶಾಲೆಯ ಗಂಟೆ, ಕಿಟಕಿಯ ಬಳಿ ಡೋರಿಸಮ್ಮ ಬೆಳಗ್ಗೆಯೇ ಬೇಯಿಸಿಟ್ಟ ಸೇಬಿನ ಕಡುಬು. ಘೋಷಣೆಯಿಲ್ಲ, ಪೊಲೀಸರಿಲ್ಲ, ಹೊರಗೆ ನಿಂತ ಜೀಪುಗಳಿಲ್ಲ. ಇಂಥ ಸಭೆಯಲ್ಲಿ ಏನಾದರೂ ನಿರ್ಧಾರವಾದೀತೆಂದು ನನಗೆ ನಂಬಿಕೆಯೇ ಬರಲಿಲ್ಲ.

“ಊರು ಇರಲಿ ಅನ್ನೋರು” ಎಂದ ಗ್ಯಾರಿ.

ಡೋರಿಸಮ್ಮನ ಕೈ ಮೊದಲು ಎದ್ದಿತು. ಆಮೇಲೆ ಮೂರು. ಪಂಪಾಪತಿ ವರ್ನಜ್ಜನ ಬೆನ್ನನ್ನೇ ನೋಡುತ್ತಿದ್ದ. ವರ್ನಜ್ಜ ಎರಡೂ ಕೈ ಮೇಜಿನ ಮೇಲಿಟ್ಟು ಕೂತಿದ್ದರು.

“ಬ್ಯಾಡ ಅನ್ನೋರು.”

ನಾಲ್ಕು ಕೈಗಳು. ತಡವಾಗಿ, ಕಾಫಿಯ ಲೋಟ ಪಕ್ಕಕ್ಕಿಟ್ಟು, ಐದನೆಯದು.

“ಅಯ್ಯ ಇವನ! ಆಣಿ ಮಾಡಿದ್ನಲ್ಲಲೇ!” ಎಂದು ಪಂಪಾಪತಿ ಕೂಗಿಬಿಟ್ಟ. ಒಂಬತ್ತು ಮುಖಗಳು ನಮ್ಮ ಕಡೆ ತಿರುಗಿದವು.

ವರ್ನಜ್ಜ ಎದ್ದು ನಿಂತರು. ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿಗೆ ಬಂದಿತ್ತು. ಅವರು ಸಭೆಯಲ್ಲಿ ಮಾತಾಡಿದ್ದನ್ನು ಊರಿನವರೂ ಕಂಡಿರಲಿಲ್ಲವಂತೆ.

“ನಾ ಡೋರಿಸ್ ಕಡೆ ಕೈ ಎತ್ತಬೇಕಂತ ಇದ್ದೆ. ನಿನ್ನೆತನಕ ಅದ ಇತ್ತು ಮನಸಿನ್ಯಾಗ. ಇವತ್ತು ಈ ಇಬ್ಬರು ದೊಡ್ಡ ಮನಶ್ಯಾರು ಎಲ್ಲಾ ಬಿಡಿಸಿ ಹೇಳಿದ್ರು, ಪಂಚಾಯ್ತಿ ಅಂದ್ರ ಕಡೀಕ ಎಲ್ಲಿಗೆ ಬರತೈತಿ ಅಂತ. ನಮ್ಮದು ಇನ್ನೂ ಅಲ್ಲಿಗೆ ಬಂದಿಲ್ಲ. ಆದ್ರ ಹಿಂಗ ಸರಿಸಮ ನಿಂತ್ರ ನಾಳೆ ಬರತೈತಿ. ಇರೋರು ಒಂಬತ್ತು ಮಂದಿ. ಎರಡು ಪಾರ್ಟಿ ಆದ್ರ ಕಾಫಿ ಯಾರ ಮನ್ಯಾಗ ಕುಡಿಯೂನು? ದೇವರ ಬೂದಿ ಹಚ್ಕೊಂಡು ಹೇಳಾಕತ್ತೀನಿ: ಕೆಟ್ಟದ್ದು ಬಯಸಿ ಎತ್ತಿಲ್ಲ ಕೈ.”

ಕೂತರು.

ಡೋರಿಸಮ್ಮ ನನ್ನನ್ನು ನೋಡಿದರು. ನಾನು ಶಾಲೆಯ ಗಂಟೆಯನ್ನು ನೋಡಿದೆ. ದುಭಾಷಿಗೆ ಮಾತಿನ ಹೊಣೆ ಇರುವುದಿಲ್ಲವೆಂಬುದು ಲೋಕಾರೂಢಿ. ಅದನ್ನು ಆ ಹೊತ್ತಿನಲ್ಲಿ ವಿವರಿಸುವುದು ಸೂಕ್ತವೆನಿಸಲಿಲ್ಲ. ಕಾರ್ಯದರ್ಶಿಯಾದ್ದರಿಂದ ನಿರ್ಣಯವನ್ನು ಬರೆಯಬೇಕಾದವರೂ ಅವರೇ. ಚೀಟಿಗಳಲ್ಲಿ ಕಂಡ ಅದೇ ದುಂಡಗಿನ ಅಕ್ಷರದಲ್ಲಿ ಬರೆದು, ಗ್ಯಾರಿಯ ಸಹಿ ಹಾಕಿಸಿ, ಪೆನ್ನಿನ ಟೊಪ್ಪಿ ಮುಚ್ಚಿದರು. ಆಮೇಲೆ ಎದ್ದು ಹೋಗಿ ಸೇಬಿನ ಕಡುಬು ಕೊಯ್ದರು. ಮೊದಲ ತುಂಡು ವರ್ನಜ್ಜನಿಗೆ, ಎರಡನೆಯದು ಗ್ಯಾರಿಗೆ. ಊರು ಕಳೆದುಕೊಂಡವರೂ ಊರು ಕಳೆದವರೂ ಒಂದೇ ಮೇಜಿನಲ್ಲಿ ತಿಂದರು. ನಮ್ಮ ಮುಂದೆಯೂ ಎರಡು ತಟ್ಟೆ ಬಂದವು. ಪಂಪಾಪತಿ ಸೋತದ್ದು ಮೊದಲ ಸಲವಲ್ಲ; ಸೋಲಿಸಿದವರು ಊಟಕ್ಕಿಟ್ಟದ್ದು ಮೊದಲ ಸಲ.

ಬೆಳಗ್ಗೆ ವ್ಯಾನಿಗೆ ಕಾಯುತ್ತಿದ್ದಾಗ ಡೋರಿಸಮ್ಮ ಸ್ಕ್ರೂಡ್ರೈವರ್ ಹಿಡಿದು ಬಂದರು. ಗ್ಯಾರಿ ಏಣಿ ಹಿಡಿದ. ಅವರೇ ಹತ್ತಿ ಹಸಿರು ಬೋರ್ಡನ್ನು ಬಿಚ್ಚಿದರು. ಧೂಳು ಒರೆಸಿ ನನ್ನ ಕೈಯಲ್ಲಿಟ್ಟರು.

“ನಿಮ್ಮ ಮ್ಯೂಸಿಯಂನಾಗ ಇಡ್ರಲ್ಲ” ಎಂದೆ.

“ಅಲ್ಲಿಟ್ರ ದಿನಾ ನೋಡಬೇಕಾಗತೈತಿ. ನೀವ ಒಯ್ರಿ. ನಿಮ್ಮ ಕಡೆ ಹಳೇದನ್ನ ಯಾರೂ ನೋಡಂಗಿಲ್ಲಂತ ನೀವ ಹೇಳಿದ್ರಲ್ಲ.”

ವಿದೇಶದಲ್ಲಿ ನನಗೆ ದೊರೆತ ಏಕೈಕ ಕಾಣಿಕೆ ಅದು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು, ಏನಿದು ಎಂದು ಕೇಳಿದರು. ಊರು ಎಂದೆ. ಬಿಟ್ಟರು.

ಸಿರುಗುಪ್ಪ

ನಮ್ಮ ಸತ್ಯನಾರಾಯಣಪೇಟೆಯ ಮನೆಯಲ್ಲಿ ಬೋರ್ಡಿಗೆ ಜಾಗವಾಗಲಿಲ್ಲ. ಒಂದು ವಾರ ಒನಕೆಯ ಪಕ್ಕದಲ್ಲಿ ನಿಂತಿತ್ತು. ಹೆಂಡತಿ ಅದರಿಂದ ನೀರಿನ ಡ್ರಮ್ಮು ಮುಚ್ಚಲು ಹೊರಟಾಗ ಪಂಪಾಪತಿಯ ಅಂಗಡಿಗೆ ಸಾಗಿಸಿದೆ. ಈಗ ಅದು ಗಲ್ಲಾಪೆಟ್ಟಿಗೆಯ ಮೇಲೆ, ಎರಡು ಕಂಪನಿ ಕ್ಯಾಲೆಂಡರುಗಳ ನಡುವೆ ತೂಗುತ್ತಿದೆ. ಪ್ರವಾಸದ ಬಗ್ಗೆ ಯಾರಾದರೂ ಕೇಳಿದರೆ, ಜೋಳ ಚೆನ್ನಾಗಿತ್ತು ಎಂದು ಹೇಳಿ ಪಂಪಾಪತಿ ತಕ್ಕಡಿಯ ಕಡೆ ತಿರುಗುತ್ತಾನೆ. ಅಣ್ಣನ ಮನೆಗೆ ಹೋದನೇ ಎಂದು ಓದುಗರು ಕೇಳಬಹುದು. ಇಲ್ಲ. ಅಷ್ಟು ಬೇಗ ತಿದ್ದಿಕೊಳ್ಳುವ ಜನ ನಾವಲ್ಲ.

ಮೊನ್ನೆ ನಾನು ಅಂಗಡಿಯಲ್ಲಿ ಕೂತಿದ್ದಾಗ ರೂಪನಗುಡಿ ಕಡೆಯ ರೈತರೊಬ್ಬರು ಬಂದರು. ಮೆಣಸಿನಗಿಡದ ಎಲೆ ಮುರುಟಿದೆ, ಏನು ಹೊಡೆದರೂ ಹುಳ ಸಾಯುತ್ತಿಲ್ಲ ಎಂದರು. ಪಂಪಾಪತಿ ತೋರಿಸಿದ ಬಾಟಲಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಬೋರ್ಡಿನ ಕಡೆ ಕೈ ಮಾಡಿದರು.

“ಅದೇನ್ರಿ ಅದು? ಅಮೆರಿಕದಿಂದ ತಂದೀರಂತ. ಕ್ಲೋರಿಂಡಾ ಹದಿನಾಕು. ಅದನ್ನ ಕೊಡ್ರಿ ನೋಡೂನು.”

ಗಿರಾಕಿಗೆ ‘ಇಲ್ಲ’ ಎಂಬ ಮಾತನ್ನು ಪಂಪಾಪತಿ ಆಡಿದ್ದನ್ನು ನಾನು ಕೇಳಿಲ್ಲ. ಅವನು ಬೋರ್ಡನ್ನು ನೋಡಿದ, ನನ್ನನ್ನು ನೋಡಿದ, ಬಾಟಲಿಗಳನ್ನು ಮತ್ತೆ ಸಾಲಾಗಿ ನಿಲ್ಲಿಸಿದ.

“ಅದು ಈಗ ಬರಂಗಿಲ್ಲ, ಗೌಡ್ರ” ಎಂದ. “ಬಂದ್ ಆಗೇತಿ. ನಾವ ಹೋಗಿ ಬಂದ್ ಮಾಡಿಸಿ ಬಂದೀವಿ.”